ಮಾತಾಜಿಯ ಟಗರಿಗೆ ಜಳಕ

ಗುಜರಾತಿಗೆ ಹೋಗಿ ಬಂದವರು ಪಟೋಲಾ ಸೀರೆ ತರುತ್ತಾರೆ, ಇಲ್ಲದಿದ್ದರೆ ಗರಿಗರಿ ತಿಂಡಿ ಖಾಕ್ರಾದ ಪೊಟ್ಟಣವನ್ನಾದರೂ ತರುತ್ತಾರೆ. ನಾನು ತಂದದ್ದು ಎರಡು ಸೀರೆಗೆ ಹತ್ತಿದ ಕುರಿ ಔಷಧಿಯ ವಾಸನೆ. ಒಗೆದು ಒಗೆದು ಕೈ ಸೋತಿದೆ, ವಾಸನೆ ಮಾತ್ರ ಹೋಗಲೊಲ್ಲದು. ಬೀರು ತೆಗೆದಾಗಲೆಲ್ಲ ಮನೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ‘ಸದ್ಯ, ಎಲ್ಲ ಸುಸೂತ್ರವಾಗಿ ಮುಗಿಯಿತಲ್ಲ’ ಎಂದು ಎದೆ ಹಗುರಾಗುತ್ತದೆ.

ನಾನು ಪಶುವೈದ್ಯೆ. ಹಾವೇರಿ ಜಿಲ್ಲೆಯಲ್ಲಿ ಕುರಿಗಳ ನಡುವೆಯೇ ನೌಕರಿ ಮಾಡಿ ನಿವೃತ್ತಳಾದವಳು. ಜನ ‘ಕುರಿ ಡಾಕ್ಟರ್ ಕಸ್ತೂರಕ್ಕ’ ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ಬರೀ ಡಾಕ್ಟರ್ ಎಂದರೆ ಏನೋ ಬಿಟ್ಟುಹೋದಂತೆ ಅನಿಸುತ್ತದೆ. ಬಾಯಿ ಸ್ವಲ್ಪ ಜೋರು, ಅದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಹಮದಾಬಾದ್: ಬೆಲ್ಲದ ಸಾಂಬಾರು

ಕುರಿಗಳ ಅಂಟುರೋಗ ತಡೆಯುವ ಕಾಯ್ದೆಗಳ ಬಗ್ಗೆ ಅಹಮದಾಬಾದಿನಲ್ಲಿ ಒಂದು ಸಭೆ ಇತ್ತು. ನಿವೃತ್ತಳಾದ ಮೇಲೆ ಮಾತಾಡಲು ಯಾರಾದರೂ ಕರೆದರೆ ನನಗೆ ಎಲ್ಲಿಲ್ಲದ ಹುರುಪು. ವಡೋದರದಲ್ಲಿ ತಂಗಿ ಇದ್ದಾಳೆ, ಅವಳನ್ನು ನೋಡಿದ ಹಾಗೂ ಆಯಿತು, ಹಾಗೇ ಸೂರತ್ತಿಗೆ ಹೋಗಿ ಸೀರೆ ತಂದ ಹಾಗೂ ಆಯಿತು ಎಂದು ಹೊರಟೆ.

ಸಭೆಯ ದಿನ ಬೆಳಿಗ್ಗೆ ಉಡುಪಿ ಹೋಟೆಲಿನ ಬೋರ್ಡು ಕಂಡು ಜೀವ ಬಂದಂತಾಗಿ ಒಳಗೆ ನುಗ್ಗಿದೆ. ಇಡ್ಲಿ ಚೆನ್ನಾಗಿತ್ತು. ಸಾಂಬಾರು ಬಾಯಿಗಿಟ್ಟರೆ ಪಾಯಸದ ಅಣ್ಣನಂತಿತ್ತು. ಗಲ್ಲೆಯ ಮೇಲೆ ಕೂತ ಮಾಲೀಕರು ಕುಂದಾಪುರದ ಕಡೆಯವರು. ನಾನು ಕನ್ನಡದಲ್ಲಿ ಗೊಣಗಿದ್ದು ಕೇಳಿ ಎದ್ದು ಬಂದರು. “ಎಂತ ಮಾಡುದ್ ಅಮ್ಮ, ಬೆಲ್ಲ ಹಾಕ್ದಿರೆ ಇಲ್ಲಿಯರ್ ಮುಟ್ಟುದಿಲ್ಲೆ. ನಂಗೂ ಈಗ ಊರಿಗ್ ಹೋರೆ ಅಲ್ಲಿನ ಸಾಂಬಾರ್ ಖಾರ ಆತ್ತ್ ಕಾಣಿ,” ಎಂದರು. ನನಗಾಗಿ ಒಳಗಿಂದ ತಮ್ಮ ಮನೆಯ ಚಟ್ನಿಪುಡಿ ತರಿಸಿ ಹಾಕಿದರು. ಊರಿನ ಸುದ್ದಿ ಮಾತಾಡುತ್ತ ಕೂತು, ಕನ್ನಡಕವನ್ನು ಆ ಮೇಜಿನ ಮೇಲೆಯೇ ಬಿಟ್ಟು ಸಭೆಗೆ ಓಡಿದೆ.

ಕನ್ನಡಕವಿಲ್ಲದ ಕಾರಣ ಬರೆದು ತಂದದ್ದನ್ನು ಓದಲಾಗಲಿಲ್ಲ. ಬಾಯಿಗೆ ಬಂದ ಹಾಗೆ ಮಾತಾಡಿದೆ. ಹಾಗೆ ಮಾತಾಡುವಾಗ ನನಗೆ ಧೈರ್ಯ ಜಾಸ್ತಿ. ಕುರಿಯ ಚರ್ಮಕ್ಕೆ ಬರುವ ಅಂಟುರೋಗದಲ್ಲಿ ಮುಖ್ಯವಾಗಿ ಎರಡನ್ನು ನೋಡಬೇಕು ಎಂದೆ. ಒಂದು ಸಿಡುಬು, ಅದು ಕೊಲ್ಲುವ ರೋಗ. ಇನ್ನೊಂದು ಕಜ್ಜಿ. ಉಣ್ಣೆಯ ಬುಡದಲ್ಲಿ ಕಣ್ಣಿಗೆ ಕಾಣದ ನುಸಿ ಸೇರಿಕೊಂಡು, ತುರಿಕೆ ಹತ್ತಿ, ಉಣ್ಣೆಯೆಲ್ಲ ಉದುರಿ ಕುರಿ ಸೊರಗಿಹೋಗುತ್ತದೆ. ಸಿಡುಬೆಂದು ಸಂಶಯ ಬಂದರೂ ಸಾಕು, ನಮ್ಮ ದೇಶದ ಕಾಯ್ದೆ ಎದುರಿಗೆ ಬಂದು ನಿಲ್ಲುತ್ತದೆ: ಕುರಿಯ ಒಡೆಯ ತಾನೇ ಬಂದು ತಿಳಿಸಬೇಕು, ರೋಗದ ಕುರಿಯನ್ನು ಬೇರೆ ಕಟ್ಟಬೇಕು, ಊರ ದನಗಳು ಮೇಯುವಲ್ಲಿ ಬಿಡಬಾರದು, ಹಿಂಡನ್ನು ಅಲ್ಲಿಂದ ಕದಲಿಸಬಾರದು. ಕಜ್ಜಿಯ ವಿಷಯದಲ್ಲಿ ನಮ್ಮಲ್ಲಿ ಅಷ್ಟು ಬಿಗಿ ಇಲ್ಲ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಕಜ್ಜಿಗೂ ಕಾಯ್ದೆಯಿತ್ತು, ಹಿಂಡನ್ನೆಲ್ಲ ಔಷಧಿ ನೀರಿನಲ್ಲಿ ಅದ್ದುವುದನ್ನು ನೋಡಲು ಪೊಲೀಸರು ಬಂದು ನಿಲ್ಲುತ್ತಿದ್ದರು. ನಮಗೂ ಅಂಥದ್ದೇ ಬೇಕು, ಒಂದೇ ಒಂದು ಕುರಿಯನ್ನೂ ಬಿಡಬಾರದು ಎಂದು ಮೇಜು ಕುಟ್ಟಿ ಹೇಳಿದೆ.

ಹಿಂದಿನ ಸಾಲಿನಿಂದ ಒಬ್ಬ ಎಳೆ ಪ್ರಾಯದ ಡಾಕ್ಟರ್ ಹುಡುಗಿ ಎದ್ದು ನಿಂತಳು. ಹೆಸರು ಹೇತಲ್, ಕೆಲಸ ವಡೋದರದ ಹತ್ತಿರ. ಎಲ್ಲ ಕುರಿಗಳನ್ನೂ ಅದ್ದಿದ್ದೇನೆ ಎಂದು ಒಡೆಯ ಹೇಳಿದರೆ, ಅದು ನಿಜವೆಂದು ನಮಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದಳು. ಎಣಿಸಿದರೆ ಗೊತ್ತಾಗುತ್ತದೆ ಎಂದೆ. ಸಭೆಯೆಲ್ಲ ನಕ್ಕಿತು. ಅವಳು ನಗಲಿಲ್ಲ. ಭೇಷ್ ಉತ್ತರ ಕೊಟ್ಟೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡು, ಹೋಟೆಲಿಗೆ ಹೋಗಿ ಕನ್ನಡಕ ತಂದುಕೊಂಡೆ.

ವಡೋದರ: ಗೋಡೆಯಾಚೆ

ತಂಗಿ ಶಾರದಾಳ ಗಂಡನಿಗೆ ಕೊಯಾಲಿಯ ಎಣ್ಣೆ ಕಾರ್ಖಾನೆಯಲ್ಲಿ ನೌಕರಿ. ಮನೆ ಅದಕ್ಕಿಂತ ಆಚೆ, ಊರು ಮುಗಿದು ಹೊಲ ಶುರುವಾಗುವಲ್ಲಿನ ಒಂದು ಬಡಾವಣೆಯಲ್ಲಿ. ಸಂಕ್ರಾಂತಿಯ ಗಾಳಿಪಟಗಳ ದಾರ ಇನ್ನೂ ಬೇವಿನ ಮರಗಳಲ್ಲಿ ಜೋತಾಡುತ್ತಿತ್ತು. ಗೇಟು ದಾಟುವಾಗ ಒಂದು ದಾರ ನನ್ನ ಕನ್ನಡಕಕ್ಕೆ ಸಿಕ್ಕಿ, ಅದು ಮತ್ತೆ ಹೋಗುವುದರಲ್ಲಿತ್ತು.

ಇಲ್ಲಿನವರ ಮನೆಯ ಪಡಸಾಲೆಯಲ್ಲಿ ಜೋಕಾಲಿ ಇರಲೇಬೇಕು. ಶಾರದಾಳ ಮನೆಯಲ್ಲೂ ಇದೆ. ಅದರಲ್ಲಿ ಕೂತು ಪೇಪರು ಓದುತ್ತಾರೆ, ಫೋನು ಮಾಡುತ್ತಾರೆ, ಕಾಳು ಸೋಸುತ್ತಾರೆ. ನಾನು ಅದರಲ್ಲಿ ಕೂತು ಚಹಾ ಕುಡಿಯಲು ಹೋಗಿ ಮಡಿಲಿಗೆಲ್ಲ ಚೆಲ್ಲಿಕೊಂಡೆ. ಎದುರು ಮನೆಯಾಕೆ ಬಸಿಯಲ್ಲಿ ಸುರಿದುಕೊಂಡು ಸೊರ್ರೆಂದು ಹೀರುತ್ತಿದ್ದಳು, ಒಂದು ಹನಿಯೂ ಚೆಲ್ಲಲಿಲ್ಲ. ನಮ್ಮ ಕಡೆಯೂ ಚಹಾ ಬಸಿಯಲ್ಲೇ ಕುಡಿಯುತ್ತಾರೆ, ಆದರೆ ನೆಲದ ಮೇಲೆ ನೆಟ್ಟಗೆ ಕೂತು ಕುಡಿಯುತ್ತಾರೆ.

ನಾನು ಸೀರೆ ಒರೆಸಿಕೊಳ್ಳುತ್ತಿದ್ದಾಗ ಶಾರದಾ ವಿಷಯ ತೆಗೆದಳು.

“ಅಕ್ಕಾ, ನಮ್ಮ ಗೋಡಿ ಆಚಿಗೆ ಒಂದು ಕುರಿ ಹಿಂಡು ಬಂದು ಕುಂತೈತಿ. ಅವಕ್ಕ ಸಿಡುಬು ಬಂದೈತಂತ. ಹುಡುಗರನ್ನ ಹೊರಗ ಬಿಡಬ್ಯಾಡ್ರಿ ಅಂತ ಗ್ರೂಪಿನ್ಯಾಗ ಹಾಕ್ಯಾರ. ನೀ ಕುರಿ ಡಾಕ್ಟರ್ ಅಲ್ಲೇನ? ಒಂದೀಟು ನೋಡಿ ಹೇಳವಾ.”

ಕುರಿಯ ಸಿಡುಬು ಮನುಷ್ಯರಿಗೆ ಬರುವುದಿಲ್ಲ ಮಾರಾಯ್ತಿ ಎಂದೆ. ಅದನ್ನೇ ಹಿಂದಿಯಲ್ಲಿ ಹೇಳಿಸಿ, ಧ್ವನಿ ಮುದ್ರಿಸಿ ಗ್ರೂಪಿಗೆ ಕಳಿಸಿದಳು. ನನ್ನ ಹಿಂದಿ ಕೇಳಿ ಅವರಿಗೆ ಸಮಾಧಾನವಾಯಿತೋ ಇಲ್ಲವೋ, ನಗುವಂತೂ ಚೆನ್ನಾಗಿ ಬಂತಂತೆ. ಸಂಜೆ ಇಬ್ಬರೂ ನೋಡಲು ಹೋದೆವು.

ಬೀಳು ಬಿದ್ದ ಹೊಲದಲ್ಲಿ ಹಿಂಡು ನಿಂತಿತ್ತು. ನಮ್ಮ ಕಡೆ ಅಲೆಮಾರಿ ಕುರುಬರು ಸಂಸಾರವನ್ನು ಕುದುರೆ, ಕತ್ತೆಗಳ ಮೇಲೆ ಹೇರಿದರೆ ಇಲ್ಲಿ ಒಂಟೆಯ ಮೇಲೆ ಹೇರುತ್ತಾರೆ. ಮಂಚ, ಹಾಸಿಗೆ, ಪಾತ್ರೆ, ಕೋಳಿ, ಎಲ್ಲ ಒಂಟೆಯ ಬೆನ್ನಿಗೆ. ಮಿಕ್ಕಿದ್ದೆಲ್ಲ ನಮ್ಮದೇ. ಹೊಲದವರು ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಳ್ಳುವುದು, ಪ್ರತಿಯಾಗಿ ಕಾಳು ಕೊಡುವುದು, ನಾಯಿಯ ಅದೇ ಗುರುಗುರು, ಹೊಗೆ ಮತ್ತು ಹಿಕ್ಕೆಯ ಅದೇ ವಾಸನೆ. ಅಷ್ಟು ದೂರ ಬಂದು ರಾಣೆಬೆನ್ನೂರಿನ ಹೊರವಲಯದಲ್ಲಿ ನಿಂತ ಹಾಗಾಯಿತು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಆದರೆ ಕುರಿಗಳ ಸ್ಥಿತಿ ಚೆನ್ನಾಗಿರಲಿಲ್ಲ. ಬೆನ್ನು, ಭುಜದ ಮೇಲೆ ಉಣ್ಣೆ ಕಿತ್ತುಹೋಗಿ ಹೆಪ್ಪುಗಟ್ಟಿದ ಹಕ್ಕಳೆ. ಒಂದು ಕುರಿ ಜಾಲಿಯ ಬೊಡ್ಡೆಗೆ ಮೈ ತಿಕ್ಕುತ್ತ ನಿಂತದ್ದು ಬಿಡಲೊಲ್ಲದು. ಕೆಲವಂತೂ ಈಯಲು ಬಂದ ಗಬ್ಬದ ಕುರಿಗಳು.

ಹಿಂಡಿನ ಯಜಮಾನ ಹಮೀರ್‌ಭಾಯಿ, ಬಿಳಿ ಅಂಗಿಯ ಎತ್ತರದ ಆಳು. ಅವನ ತಾಯಿ ಜೀವೀಮಾ, ಮೈತುಂಬ ಕಪ್ಪು ಉಣ್ಣೆಯ ಹೊದಿಕೆ ಹೊದ್ದ ಮುದುಕಿ. ಅವರ ಗುಜರಾತಿ ನನಗೆ ತಿಳಿಯದು. ಶಾರದಾ ಹೇಳಿದ್ದನ್ನೇ ನಾನು ಕೇಳಿದ್ದು, ಆದ್ದರಿಂದ ಜೀವೀಮಾ ಈಗಲೂ ನನ್ನ ತಲೆಯಲ್ಲಿ ಹಾವೇರಿ ಕನ್ನಡವನ್ನೇ ಆಡುತ್ತಾಳೆ. ನಾವು ಯಾರು, ಯಾಕೆ ಬಂದೆವು ಎಂದು ಕೇಳುವ ಮೊದಲೇ ಅವಳು ಕೇಳಿದ್ದು ಊಟವಾಯಿತೇ ಎಂದು.

ಅವರ ಕಷ್ಟ ಇಷ್ಟು. ಚಳಿ ಮುಗಿಯುವ ಹೊತ್ತಿಗೆ ಈ ಕಡೆ ಮೇವು ಮುಗಿಯುತ್ತದೆ. ನರ್ಮದೆ ದಾಟಿ ಸೂರತ್ ಕಡೆ ಹೋದರೆ ಕಬ್ಬು ಕಡಿದ ಹೊಲಗಳಲ್ಲಿ ಮೇವೂ ಉಂಟು, ಕುರಿ ನಿಲ್ಲಿಸಿಕೊಳ್ಳುವ ಒಕ್ಕಲಿಗರೂ ಉಂಟು. ಹಮೀರನ ಹೆಂಡತಿ ಮಕ್ಕಳು ತಮ್ಮನ ಹಿಂಡಿನ ಜೊತೆ ಆಗಲೇ ದಾಟಿದ್ದಾರೆ. ಇವನ ಹಿಂಡು ಇಲ್ಲಿ ಬಂದಾಗ ಸಿಡುಬಿನ ಗುಲ್ಲೆದ್ದು, ಮುಂದಿನ ಊರಿನವರು ದಾರಿಗೆ ಅಡ್ಡ ನಿಂತರು. ಹಿಂದಿನ ಊರಿನವರು ವಾಪಸು ಬಿಟ್ಟುಕೊಳ್ಳಲಿಲ್ಲ. ನಿಂತ ಹೊಲದವನು ಉಳುಮೆ ಮಾಡಬೇಕು, ಏಳಿ ಎನ್ನುತ್ತಿದ್ದಾನೆ. ಮೇವಿಲ್ಲದೆ ಗಬ್ಬದ ಕುರಿಗಳು ಇನ್ನೂ ಕೆಲವು ವಾರ ಹೀಗೇ ಇದ್ದರೆ ಮರಿಗೆ ಹಾಲಿರುವುದಿಲ್ಲ. ಹಮೀರ್‌ಭಾಯಿ ಇದನ್ನು ಸಿಟ್ಟಿಲ್ಲದೆ, ದನಿ ಏರಿಸದೆ ಹೇಳಿದ. ಕೇಳಿ ನನಗೇ ಸಂಕಟವಾಯಿತು.

ನಾನು ಒಂದು ಕುರಿಯ ಉಣ್ಣೆ ಬಿಡಿಸಿ ನೋಡಿದೆ. ಇದು ಸಿಡುಬಲ್ಲ, ಕಜ್ಜಿ, ಬರೆದು ಕೊಡುತ್ತೇನೆ ಎಂದೆ. ಹಿಂದಿನಿಂದ ಯಾರೋ ಹಿಂದಿಯಲ್ಲಿ, ನೀವು ಬರೆದು ಕೊಟ್ಟರೆ ನಡೆಯುವುದಿಲ್ಲ ಮೇಡಂ ಎಂದರು. ತಿರುಗಿದರೆ ಸಭೆಯಲ್ಲಿ ಪ್ರಶ್ನೆ ಕೇಳಿದ ಅದೇ ಹೇತಲ್. ಈ ಪ್ರದೇಶ ಅವಳದೇ. ಕಜ್ಜಿಯೆಂದು ಅವಳಿಗೂ ಅನಿಸಿದೆ, ಹಕ್ಕಳೆ ಕೆರೆದು ನೋಡಿದಾಗ ನುಸಿಯೂ ಕಂಡಿದೆ. ಆದರೆ ಕೆಲವು ಕುರಿಗಳ ಮೂತಿಯ ಮೇಲೂ ಗಾಯಗಳಿವೆ. ಕಜ್ಜಿಯ ಜೊತೆ ಸಿಡುಬೂ ಇರಬಾರದೆಂದೇನಿಲ್ಲ. ಪ್ರಯೋಗಾಲಯದಿಂದ ಉತ್ತರ ಬರುವವರೆಗೆ ಹಿಂಡು ಕದಲುವ ಹಾಗಿಲ್ಲ.

“ಸಂಶಯ ಬಂದರೂ ಸಾಕು ಎಂದು ನೀವೇ ಮೇಜು ಕುಟ್ಟಿ ಹೇಳಿದಿರಲ್ಲ,” ಎಂದಳು.

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಸಭೆಯಲ್ಲಿ ನಾನು ‘ಕದಲಿಸಬಾರದು’ ಎಂದಾಗ ನನ್ನ ಮುಂದೆ ಮೈಕು ಇತ್ತು, ಬಡಕಲು ಕುರಿ ಇರಲಿಲ್ಲ. ಮನೆಗೆ ಬಂದು ಆ ರಾತ್ರಿ ಊಟ ಸೇರಲಿಲ್ಲ.

ಫತೇಗಂಜ್: ಒಂದು ಫೋನು

ಮರುದಿನದಿಂದ ಬಡಾವಣೆಯ ಹೆಂಗಸರು ಕಾಯಿಪಲ್ಲೆಯ ಸಿಪ್ಪೆ, ಒಣ ಮೇವು, ಹಳೆ ರೊಟ್ಟಿ ಹೊತ್ತುಕೊಂಡು ಹೊಲದ ಕಡೆ ಹೋಗತೊಡಗಿದರು. ಗ್ರೂಪಿನಲ್ಲಿ ಸಿಡುಬಿನ ಗುಲ್ಲೆಬ್ಬಿಸಿದ್ದ ಎದುರು ಮನೆಯಾಕೆಯೇ ಮುಂದಾಳು. ಇಲ್ಲಿನವರು ಹೀಗೆ, ಹೆದರುವುದೂ ಗುಂಪಿನಲ್ಲಿ, ಕೊಡುವುದೂ ಗುಂಪಿನಲ್ಲಿ. ಹಳೆ ರೊಟ್ಟಿಯಿಂದ ಕುರಿಗಳ ಹೊಟ್ಟೆ ಉಬ್ಬುತ್ತದೆ ಎಂದು ನಾನು ಬೈದ ಮೇಲೆ ರೊಟ್ಟಿ ಬಿಟ್ಟು ಸೊಪ್ಪು ತಂದರು. ಅದರಿಂದ ಹಿಂಡಿನ ಹೊಟ್ಟೆಯ ಒಂದು ಮೂಲೆಯೂ ತುಂಬದು, ಆದರೂ ಜೀವೀಮಾ ಪ್ರತಿಯೊಬ್ಬರ ತಲೆ ಸವರಿದಳು.

ನಾನು ಮನೆಯಲ್ಲಿ ಶತಪಥ ತಿರುಗುವುದನ್ನು ನೋಡಲಾರದೆ ಶಾರದಾ ನನ್ನನ್ನು ಫತೇಗಂಜ್‌ಗೆ ಕರೆದುಕೊಂಡು ಹೋದಳು. ಯೂನಿವರ್ಸಿಟಿಯ ಹತ್ತಿರದ ಹಳೆ ಪೇಟೆ ಅದು. ಎಲ್ಲಿ ನೋಡಿದರೂ ವಿದ್ಯಾರ್ಥಿಗಳು, ತಿಂಡಿ ಅಂಗಡಿಗಳು. ‘ಸೇವ್ ಉಸಳ್’ ಎಂದು ಬಟಾಣಿ ಪಲ್ಯದ ಮೇಲೆ ಸೇವು ಉದುರಿಸಿದ ತಟ್ಟೆ ಮುಂದಿಟ್ಟರು. ಗುಜರಾತಿನವರದ್ದಲ್ಲವೇ, ಸಿಹಿ ಇರುತ್ತದೆ ಎಂದು ಮೇಲಿನ ಕೆಂಪು ರಸವನ್ನೆಲ್ಲ ಸುರಿದುಕೊಂಡೆ. ಅಬ್ಬಬ್ಬಾ, ಕಿವಿಯಲ್ಲಿ ಹೊಗೆ ಬಂತು. ಬ್ಯಾಡಗಿ ಮೆಣಸಿನಕಾಯಿಯ ನೆರೆಯಲ್ಲಿ ಬೆಳೆದವಳು ನಾನು, ಅಲ್ಲಿ ಕೂತು ಗಳಗಳ ಕಣ್ಣೀರು ಸುರಿಸಿದೆ. ಪಕ್ಕದ ಮೇಜಿನ ಹುಡುಗಿಯರು ತಮ್ಮ ಮಜ್ಜಿಗೆಯನ್ನೇ ಎತ್ತಿ ಕೊಟ್ಟರು.

ಅದೇ ಹೊತ್ತಿಗೆ ಹೇತಲ್ ಫೋನು ಬಂತು. ಪ್ರಯೋಗಾಲಯದ ಉತ್ತರ ಬಂದಿದೆ, ಸಿಡುಬಲ್ಲ. ನನಗೆ ಅರ್ಧ ಖಾರಕ್ಕೆ, ಅರ್ಧ ಸಮಾಧಾನಕ್ಕೆ ಮೂಗು ಸೋರುತ್ತಿತ್ತು. ಶಾರದಾ ಸುದ್ದಿ ಕೇಳಿ ಇನ್ನೊಂದು ತಟ್ಟೆ ಹೇಳಿದಳು, ನನಗೆ ರಸವಿಲ್ಲದ್ದು.

ಆದರೆ ಪೂರ್ತಿ ಬಿಡುಗಡೆ ಇನ್ನೂ ಆಗಿರಲಿಲ್ಲ. ಕಾಯ್ದೆಯ ಹಗ್ಗ ಸಡಿಲಾಯಿತು, ಊರುಗಳ ಹಗ್ಗ ಸಡಿಲಾಗಲಿಲ್ಲ. ಕಜ್ಜಿಯೂ ಅಂಟುವಂಥದ್ದೇ, ನಮ್ಮ ಕುರಿಗಳಿಗೂ ಬಂದರೆ ಗತಿಯೇನು ಎನ್ನುವುದು ಮುಂದಿನ ಊರಿನವರ ಪ್ರಶ್ನೆ. ಹಿಂಡು ಶುದ್ಧವಾಗಿದೆ ಎಂದು ಹೇತಲ್ ಬಾಯಿಂದ ಬಂದರೆ ಮಾತ್ರ ದಾರಿ ಬಿಡುತ್ತಾರಂತೆ. ಅವಳಿಗೆ ಹಾಗೆ ಹೇಳಲು ಧೈರ್ಯವಿಲ್ಲ. ಯಾಕೆಂದರೆ ಹಿಂದೊಂದು ಊರಿನಲ್ಲಿ ಇಡೀ ಹಿಂಡನ್ನು ಎರಡೆರಡು ಸಲ ಔಷಧಿಯಲ್ಲಿ ಅದ್ದಿಸಿದ್ದೇನೆ ಎಂದು ಹಮೀರ್‌ಭಾಯಿ ಹೇಳುತ್ತಾನೆ, ಅಲ್ಲಿನ ಡಾಕ್ಟರೂ ಹೌದೆನ್ನುತ್ತಾರೆ. ಆದರೂ ಕಜ್ಜಿ ಮರಳಿ ಬಂದಿದೆ. ಇವನು ಸುಳ್ಳು ಹೇಳಿದನೋ, ಔಷಧಿಯೇ ಸುಳ್ಳೋ ಅವಳಿಗೆ ತಿಳಿಯುತ್ತಿಲ್ಲ.

ಹೊಲದಲ್ಲಿ: ಎಣಿಕೆಗೆ ಬಾರದ್ದು

ಮತ್ತೊಮ್ಮೆ ಅದ್ದುವುದೆಂದಾಯಿತು. ಕೆರೆ, ಬಾವಿಗೆ ದೂರವಾಗಿ ಗುಂಡಿ ತೋಡಿ, ದಪ್ಪ ತಾಡಪಾಲು ಹಾಸಿ, ನೀರು ತುಂಬಿ ಹೇತಲ್ ಔಷಧಿ ಬೆರೆಸಿದಳು. ನನ್ನನ್ನು ಯಾರೂ ಕರೆದಿರಲಿಲ್ಲ, ಕರೆಯುವುದೇನು ಬಂತು, ಹೋಗಿ ಸೆರಗು ಸಿಕ್ಕಿಸಿಕೊಂಡು ನಿಂತೆ. ಒಂದೊಂದೇ ಕುರಿಯನ್ನು ಹಿಡಿದು, ಮುಳುಗಿಸಿ, ತಲೆಯನ್ನು ಒಂದು ಸಲ ಒತ್ತಿ ಎತ್ತಿ, ಆಚೆ ಹತ್ತಿಸಿ, ನೆತ್ತಿಗೆ ನೀಲಿ ಬಣ್ಣದ ಬೊಟ್ಟು. ಬೊಟ್ಟಿಡುವ ಕೆಲಸ ನನ್ನದು. ಕುರಿಗಳು ಮೈ ಕೊಡವಿದಾಗಲೆಲ್ಲ ನನಗೂ ಅರ್ಧ ಸ್ನಾನ. ದಿಬ್ಬದ ಮೇಲೆ ನಿಂತ ಶಾರದಾ, “ಸೀರಿ ಹೋತು ನೋಡ ನಿಂದು,” ಎಂದು ಕೂಗುತ್ತಲೇ ಇದ್ದಳು.

ಮುಗಿದ ಮೇಲೆ ಎಣಿಸಿದೆವು. ಹಮೀರ್‌ಭಾಯಿ ಹೇಳಿದ ಲೆಕ್ಕಕ್ಕೂ ನೀಲಿ ಬೊಟ್ಟಿಗೂ ಒಂದೂ ಹೆಚ್ಚು ಕಡಿಮೆಯಿಲ್ಲ. ಹೇತಲ್ ನನ್ನ ಮುಖ ನೋಡಿದಳು. ಎಣಿಸಿದರೆ ಗೊತ್ತಾಗುತ್ತದೆ ಎಂದಿದ್ದೆನಲ್ಲ, ಎಣಿಸಿಯಾಗಿದೆ, ಏನೂ ಗೊತ್ತಾಗಲಿಲ್ಲ.

ಚಹಾ ಬಂತು. ಅದನ್ನು ಕುಡಿಯಲು ಜೀವೀಮಾಳ ಮಂಚದ ಹತ್ತಿರ ಹೋದೆ. ಮಂಚದ ಆಚೆ, ಒಂಟೆಯ ನೆರಳಿನಲ್ಲಿ ಏನೋ ಅಲ್ಲಾಡಿತು. ಬಗ್ಗಿ ನೋಡಿದರೆ ದೊಡ್ಡ ಟಗರು. ಹುಟ್ಟಿದಾಗಿನಿಂದ ಕತ್ತರಿ ಕಂಡಿಲ್ಲದ ಉಣ್ಣೆ ನೆಲ ಮುಟ್ಟುತ್ತಿತ್ತು. ಕೊರಳಿಗೆ ಕೆಂಪು ದಾರ, ಗೆಜ್ಜೆ, ಹಣೆಗೆ ಕುಂಕುಮ. ನೆತ್ತಿಯ ಮೇಲೆ ನೀಲಿ ಬೊಟ್ಟಿಲ್ಲ. ನಾನು ನೋಡುತ್ತಿದ್ದಂತೆಯೇ ಅದು ಹಿಂಗಾಲಿನಿಂದ ಪಕ್ಕೆ ಕೆರೆದುಕೊಂಡಿತು.

ತಕ್ಷಣ ತಿಳಿಯಿತು. ನಮ್ಮ ಕಡೆ ಬೀರಪ್ಪನಿಗೆ ಬಿಟ್ಟ ಟಗರು ಇರುತ್ತದೆ. ಅದನ್ನು ಮಾರುವುದಿಲ್ಲ, ಕೊಯ್ಯುವುದಿಲ್ಲ, ನಿಮ್ಮ ಕುರಿ ಎಷ್ಟು ಎಂದರೆ ಅದನ್ನು ಸೇರಿಸಿ ಹೇಳುವುದೂ ಇಲ್ಲ. ಅದು ದೇವರದ್ದು, ನಮ್ಮದು ಹೇಗಾದೀತು? ಲಸಿಕೆ ಹಾಕಲು ಹೋದಾಗ ಕೇಳಿ ಕೇಳಿ ನನಗಿದು ಬಾಯಿಪಾಠ. ಇಲ್ಲಿ ಒಂಟೆ, ಬಿಳಿ ಅಂಗಿ, ಗುಜರಾತಿ ನೋಡಿ ಅದೇ ಮರೆತುಹೋಗಿತ್ತು. ಹಮೀರ್‌ಭಾಯಿ ಸುಳ್ಳು ಹೇಳಿರಲಿಲ್ಲ. ತನ್ನ ಕುರಿಗಳನ್ನೆಲ್ಲ ಅದ್ದಿಸಿದ್ದ. ಇದು ಅವನದಲ್ಲ, ಇಲ್ಲಿನವರು ಮಾತಾಜಿ ಎನ್ನುವ ಅವರ ದೇವಿಯದು. ಪ್ರತಿ ಸಲ ಶುದ್ಧವಾದ ಹಿಂಡಿಗೆ ಮಾತಾಜಿಯ ಟಗರು ಮತ್ತೆ ನುಸಿ ಹಂಚುತ್ತಿತ್ತು.

ಹೇತಲ್‌ಳನ್ನು ಕರೆದು ತೋರಿಸಿದೆ. ಅವಳು ಹಣೆ ಹಣೆ ಬಡಿದುಕೊಂಡಳು. ಒಡೆಯ ತಿಳಿಸಬೇಕು, ಒಡೆಯ ಔಷಧಿ ಮಾಡಿಸಬೇಕು ಎನ್ನುತ್ತದೆ ಕಾಯ್ದೆ. ಇಲ್ಲಿ ಒಡೆಯಳು ಮಾತಾಜಿ, ಅವಳಿಗೆ ನೋಟಿಸು ಯಾರು ಕೊಡುವುದು ಎಂದಳು.

ಇಷ್ಟು ಉಣ್ಣೆಗೆ ಅದ್ದುವುದು ಕಷ್ಟ, ಸೂಜಿ ಚುಚ್ಚಿದರೆ ಮುಗಿಯಿತಲ್ಲ ಎಂದು ನಾನು ಹೇಳಿದ್ದೇ ತಡ, ಜೀವೀಮಾ ಎದ್ದು ಬಂದು ಟಗರಿನ ಮುಂದೆ ನಿಂತಳು. ಅವಳ ಮಾತನ್ನು ಶಾರದಾ ಮೆಲ್ಲಗೆ ಕನ್ನಡಕ್ಕೆ ತಂದಳು.

“ಹಮೀರ ಕೂಸಿದ್ದಾಗ ಉಸುರು ನಿಂತಿತ್ತಂತ. ಮಾತಾಜಿಗೆ ಬೇಡಕೊಂಡಾಳ. ಅಂದಿನಿಂದ ಒಂದು ಟಗರು ಅಕಿ ಹೆಸರಿಲೆ ಬಿಟ್ಟಾಳ, ಅದು ಹೋದರ ಅದರ ಮರಿ. ಕಬ್ಬಿಣ ಮುಟ್ಟಸಂಗಿಲ್ಲ. ಕತ್ತರಿ ಇಲ್ಲ, ಸೂಜಿ ಇಲ್ಲ. ಮುಟ್ಟಿಸಿದರ ಮಗ ಉಳಿಯೂದಿಲ್ಲ ಅಂತಾಳ.”

ಹಮೀರ್‌ಭಾಯಿ ನೆಲ ನೋಡುತ್ತ ನಿಂತಿದ್ದ. ತಾಯಿಯ ಮಾತು ಮೀರುವ ಗಂಡಸಲ್ಲ ಅವನು. ನನಗೆ ರೇಗಿಹೋಯಿತು. ಇದೊಂದು ಟಗರಿನಿಂದ ಹಿಂಡೆಲ್ಲ ಸತ್ತರೆ ಮಗ ಏನು ತಿಂದು ಉಳಿಯುತ್ತಾನೆ, ಕೇಳು ಅವಳನ್ನು ಎಂದು ಶಾರದಾಳಿಗೆ ಜೋರಾಗಿ ಹೇಳಿದೆ. ಶಾರದಾ ಮುದುಕಿಯ ಕಡೆ ತಿರುಗಿ ಎರಡೇ ಮಾತು ಆಡಿದಳು. ಮುದುಕಿ ಮುಗುಳ್ನಕ್ಕಳು. ಏನೆಂದೆ ಎಂದು ಕೇಳಿದರೆ, ನಮ್ಮಕ್ಕ ನಿಮ್ಮ ಚಹಾ ಚಲೋ ಆಗೇದ ಅಂದ್ಲು ಅಂತ ಹೇಳಿದೆ ಎಂದಳು. ಇಂಥ ದುಭಾಷಿ ಸಿಕ್ಕರೆ ಯುದ್ಧಗಳೇ ನಡೆಯುವುದಿಲ್ಲ.

ಆಮೇಲೆ ಶಾರದಾ ತಾನೇ ಮುದುಕಿಯ ಪಕ್ಕ ಮಂಚದ ಮೇಲೆ ಕೂತಳು. ಈ ತಂಗಿಗೆ ಕುರಿಯೆಂದರೆ ಮೂಗು ಮುರಿಯುವಷ್ಟು ಅಸಹ್ಯ, ದೇವರೆಂದರೆ ಪ್ರಾಣ. ಬೆಳಿಗ್ಗೆ ದೇವರ ಮನೆಯಲ್ಲಿ ಕೂತರೆ ಚಹಾ ನಮಗೆ ನಾವೇ ಮಾಡಿಕೊಳ್ಳಬೇಕು. ಇಬ್ಬರೂ ಗುಜರಾತಿಯಲ್ಲಿ ಏನೇನೋ ಮಾತಾಡಿದರು. ಮುದುಕಿ ಪೆಟ್ಟಿಗೆ ತೆರೆದು ಬಟ್ಟೆಯಲ್ಲಿ ಸುತ್ತಿದ ಪುಟ್ಟ ಮೂರ್ತಿ ತೋರಿಸಿದಳು. ಶಾರದಾ ಕೈ ಮುಗಿದು ಏನೋ ಕೇಳಿದಳು. ಮುದುಕಿ ಉತ್ತರಿಸಿದಳು. ಶಾರದಾ ಮತ್ತೊಂದು ಕೇಳಿದಳು. ಮುದುಕಿ ಟಗರಿನ ಕಡೆ ತಿರುಗಿದಳು.

ನಾನು ತಡೆಯಲಾರದೆ ಏನು ಕೇಳಿದೆ ಎಂದೆ.

“ಮಾತಾಜಿಗೆ ದಿನಾ ಜಳಕಾ ಯಾರ ಮಾಡಸ್ತಾರ ಅಂತ ಕೇಳಿದೆ. ನಾನ ಮಾಡಸ್ತೀನಿ ಅಂದ್ಲು. ಅಕಿಗೆ ಜಳಕಾ ಆಗತೈತಿ, ಅಕಿ ಟಗರಿಗೆ ಯಾಕ ಇಲ್ಲ ಅಂದೆ.”

ಹೇತಲ್ ಇದನ್ನು ಹಿಡಿದುಕೊಂಡಳು. ಕಾಯ್ದೆಯಲ್ಲಿ ಒಡೆಯ ಎಂದಷ್ಟೇ ಇಲ್ಲ, ಪ್ರಾಣಿಯನ್ನು ಯಾರು ನೋಡಿಕೊಳ್ಳುತ್ತಾರೋ ಅವರ ಮೇಲೂ ಹೊಣೆ ಇದೆ. ಮಾತಾಜಿಯ ಪರವಾಗಿ ಈ ಟಗರನ್ನು ನೋಡಿಕೊಳ್ಳುವವರು ಯಾರು ಎಂದು ಮುದುಕಿಯನ್ನೇ ಕೇಳಿದಳು. ಜೀವೀಮಾ ತನ್ನ ಎದೆ ಮುಟ್ಟಿಕೊಂಡಳು. ಬಹಳ ಹೊತ್ತು ಟಗರಿನ ಬೆನ್ನ ಮೇಲೆ ಕೈಯಾಡಿಸುತ್ತ ಕೂತಳು. ಉಣ್ಣೆಯ ಕೆಳಗೆ ಹಕ್ಕಳೆ ಕೈಗೆ ಸಿಕ್ಕಿರಬೇಕು, ಅವಳ ಮುಖ ಸಣ್ಣದಾಯಿತು. ಕೊನೆಗೆ ಮಗನಿಗೆ ದೀಪ ಹಚ್ಚಲು ಹೇಳಿದಳು. ಬೇರೆ ಯಾರೂ ಮುಟ್ಟಬಾರದು, ಜಳಕ ತಾನೇ ಮಾಡಿಸುವುದು ಎಂದಳು.

ಕೈಗೆ ಔಷಧಿ ತಗಲಬಾರದೆಂದು ಶಾರದಾ ಮನೆಗೆ ಓಡಿ ಪಾತ್ರೆ ತಿಕ್ಕುವ ಗುಲಾಬಿ ಬಣ್ಣದ ರಬ್ಬರ್ ಕೈಗವಸು ತಂದಳು. ಗುಲಾಬಿ ಕೈಗಳ ಮುದುಕಿ ಟಗರಿನ ಹಣೆಗೆ ಹೊಸ ಕುಂಕುಮವಿಟ್ಟು, ಗೆಜ್ಜೆ ಬಿಚ್ಚಿ, ಹೆಸರು ಹಿಡಿದು ಕರೆದು, ಗುಂಡಿಗೆ ಇಳಿಸಿದಳು. ಉಣ್ಣೆ ದಟ್ಟವಾಗಿದ್ದರಿಂದ ಬುಡದವರೆಗೆ ನೆನೆಯಲು ಉಳಿದವುಗಳಿಗಿಂತ ಹೆಚ್ಚು ಹೊತ್ತು ಬೇಕಿತ್ತು. ಮುದುಕಿ ದಡದಲ್ಲಿ ಮೊಣಕಾಲೂರಿ, ಹಾಡು ಹೇಳುತ್ತ, ಉಣ್ಣೆಯನ್ನು ಎಳೆ ಎಳೆಯಾಗಿ ಬಿಡಿಸಿ ನೀರು ಹೊಯ್ದಳು. ಅಷ್ಟು ಚೆನ್ನಾಗಿ ಕುರಿ ಅದ್ದಿದ್ದನ್ನು ನಾನು ನೌಕರಿಯುದ್ದಕ್ಕೂ ನೋಡಿಲ್ಲ. ಟಗರು ಮೇಲೆ ಬಂದು ಮೈ ಕೊಡವಿತು, ನಮ್ಮೆಲ್ಲರಿಗೂ ತೀರ್ಥವಾಯಿತು. ನೀಲಿ ಬಣ್ಣದ ಡಬ್ಬಿ ಹಿಡಿದು ನಾನು ಹಿಂಜರಿಯುತ್ತ ನಿಂತೆ. ಜೀವೀಮಾ ತಾನೇ ಬೆರಳು ಅದ್ದಿ ಕುಂಕುಮದ ಮೇಲೆ ಒಂದು ಬೊಟ್ಟಿಟ್ಟಳು.

ಉಳಿದ ಮೊಟ್ಟೆಗಳೊಡೆದು ಹೊಸ ನುಸಿ ಬರುವುದರಿಂದ ಕೆಲವು ದಿನ ಬಿಟ್ಟು ಹಿಂಡನ್ನು ಮತ್ತೊಮ್ಮೆ ಅದ್ದಬೇಕಿತ್ತು. ಉಳುಮೆಯ ಆತುರದಲ್ಲಿದ್ದ ಹೊಲದವನೂ ಇದನ್ನೆಲ್ಲ ನೋಡುತ್ತ ನಿಂತಿದ್ದ. ಇನ್ನೊಂದು ಜಳಕ ಮುಗಿಯುವವರೆಗೆ ಇರಲಿ, ಆಚೆ ತುದಿಯಿಂದ ಉಳುತ್ತೇನೆ ಎಂದ. ಮೇವಿಗೂ ಎಲ್ಲಿಂದಲೋ ಒಂದು ಟ್ರ್ಯಾಕ್ಟರ್ ಕಡಲೆ ಹೊಟ್ಟು ತರಿಸಿದ. ನಾನು ಊರಿನ ಟಿಕೆಟು ಮುಂದೆ ಹಾಕಿಸಿದೆ. ನನ್ನನ್ನು ನೋಡಲು ಬಂದವಳು ಕುರಿ ಹಿಂದೆ ಬಿದ್ದೆ ಎಂದು ಶಾರದಾ ದಿನಾ ಚುಚ್ಚುತ್ತಿದ್ದಳು, ದಿನಾ ಸಂಜೆ ಹೊಲಕ್ಕೆ ನನಗಿಂತ ಮೊದಲು ಚಪ್ಪಲಿ ಮೆಟ್ಟುತ್ತಿದ್ದಳು. ಎರಡನೆಯ ಜಳಕಕ್ಕೆ ಜೀವೀಮಾಳೇ ಬಡಾವಣೆಯ ಗೇಟಿಗೆ ಬಂದು ನಮ್ಮನ್ನು ಕರೆದಳು. ಹೇತಲ್ ಮುಂದಿನ ಊರಿಗೆ ತಾನೇ ಹೋಗಿ, ಹಿಂಡು ಶುದ್ಧವಾಗಿದೆ, ದಾರಿ ಬಿಡಿ ಎಂದು ಹೇಳಿದಳು. ಬಿಟ್ಟರು.

ಸೂರತ್: ಕಬ್ಬಿನ ಹೊಲ

ಅದಾಗಿ ಕೆಲವು ವಾರಗಳಿಗೆ ಶಾರದಾಳ ಜೊತೆ ಹೋದ ಸೂರತ್ತಿನ ಸೀರೆ ಪೇಟೆಯಲ್ಲಿ ಅಂಗಡಿಯವರು ನಮ್ಮನ್ನು ಬಿಳಿ ಗಾದಿಯ ಮೇಲೆ ಕೂರಿಸಿ, ಬೇಡವೆಂದರೂ ಗುಡ್ಡದಷ್ಟು ಸೀರೆ ಬಿಚ್ಚಿ ಹಾಕಿದರು. ಒಂದನ್ನೂ ಕೊಳ್ಳದೆ ಎದ್ದರೂ ಬೇಸರಿಸಲಿಲ್ಲ, ಮತ್ತೆ ಬನ್ನಿ ಬೆನ್, ಎಂದರೆ ಅಕ್ಕಾ, ಎಂದರು. ನಮ್ಮೂರಲ್ಲಾಗಿದ್ದರೆ ಅಂಗಡಿಯವನ ಮುಖ ನೋಡುವ ಹಾಗಿರುತ್ತಿರಲಿಲ್ಲ. ನಿಜವೆಂದರೆ ನನ್ನ ಗಮನ ಸೀರೆಯ ಮೇಲಿರಲಿಲ್ಲ. ಹಮೀರ್‌ಭಾಯಿ ಫೋನು ಮಾಡಿ, ಸೂರತ್ತಿನ ಆಚೆ ಇಂಥ ಊರಿನ ಹತ್ತಿರ ಇದ್ದೇವೆ, ಚಹಾ ಕುಡಿಯದೆ ಹೋಗಬಾರದು ಎಂದಿದ್ದ.

ಹೋದೆವು. ಕಬ್ಬು ಕಡಿದ ಹೊಲ, ಹಸಿರು ಸೋಗೆ, ಅದರ ನಡುವೆ ಹಿಂಡು. ಯಾವ ಕುರಿಯೂ ಮರಕ್ಕೆ ಮೈ ತಿಕ್ಕುತ್ತಿರಲಿಲ್ಲ. ಬೋಳಾದ ಬೆನ್ನುಗಳ ಮೇಲೆ ಗಿಡ್ಡ ಬಿಳಿ ಉಣ್ಣೆ ಚಿಗುರಿತ್ತು. ಆಗಲೇ ಮರಿಗಳು ಬಂದಿದ್ದವು, ಹಾಲು ಕುಡಿಯುವಾಗ ಬಾಲ ಅಲ್ಲಾಡಿಸುತ್ತಿದ್ದವು. ನನಗೆ ಅಲ್ಲೇ ಕೂತು ಅತ್ತುಬಿಡಬೇಕೆನಿಸಿತು. ಹಮೀರನ ಹೆಂಡತಿ ನಮ್ಮನ್ನು ಮೊದಲೇ ಬಲ್ಲವಳಂತೆ ಬಂದು ಕೈ ಹಿಡಿದುಕೊಂಡಳು.

ಬಸಿಯಲ್ಲಿ ಚಹಾ ಕುಡಿಯುತ್ತ ಹಮೀರ್‌ಭಾಯಿ ದಾರಿಯ ಕಥೆ ಹೇಳಿದ. ನರ್ಮದೆಯ ಸೇತುವೆಗೆ ಮೊದಲು ಒಂದು ಊರಿನವರು ತಡೆದು ಎಷ್ಟು ಕುರಿ, ಎಲ್ಲಕ್ಕೂ ಔಷಧಿ ಆಗಿದೆಯೇ ಎಂದು ಕೇಳಿದರಂತೆ. ಅವನು ಯಾವತ್ತಿನ ಲೆಕ್ಕ ಹೇಳಿದ. ಒಂಟೆಯ ಪಕ್ಕ ನಡೆಯುತ್ತಿದ್ದ ತಾಯಿ ಅಲ್ಲಿಂದಲೇ ಅವನನ್ನು ಗದರಿಸಿದಳಂತೆ, ತಪ್ಪು ಹೇಳಬೇಡ ಎಂದು. ಇದನ್ನು ಹೇಳುವಾಗ ಅವನು ನಗುತ್ತಿದ್ದ. ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊರಡುವಾಗ ಜೀವೀಮಾಳ ಕಾಲು ಮುಟ್ಟಿದೆ. ಟಗರು ಅವಳ ಪಕ್ಕದಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು. ಕುಂಕುಮದ ಮೇಲಿನ ನೀಲಿ ಬೊಟ್ಟು ಮಸುಕಾಗಿತ್ತು, ಅಳಿಸಿರಲಿಲ್ಲ. ಡಾಕ್ಟರ ಚಾಳಿ ಬಿಡುವುದಿಲ್ಲ ನೋಡಿ, ನಿಮ್ಮ ಕುರಿಗಳೆಲ್ಲ ಆರಾಮವೇ ಎಂದು ಕೇಳಿಸಿದೆ. ಜೀವೀಮಾ ಟಗರಿನ ತಲೆಯ ಮೇಲೆ ಕೈಯಿಟ್ಟು ಉತ್ತರ ಹೇಳಿದಳು. ಶಾರದಾ ಈ ಸಲ ಒಂದಕ್ಷರವನ್ನೂ ಬದಲಿಸದೆ ನನಗೆ ದಾಟಿಸಿದಳು.

“ಎಲ್ಲಾ ಅರಾಮ ಅದಾವ. ಇದನ್ನೂ ಎಣಿಸಿ ಹೇಳಾಕತ್ತೀನಿ.”